ಗೃಹದಲ್ಲಿ ಆಯುಧದ ಸ್ಥಾನ

ಗೃಹಸ್ಥಧರ್ಮವನ್ನು ಕುರಿತು ವಿಚಾರಿಸುವಾಗ ಕಾಯಕ, ದಾಸೋಹ, ಅತಿಥಿಸತ್ಕಾರ ಮೊದಲಾದ ಮಹತ್ವದ ವಿಷಯಗಳೇ ಸಾಮಾನ್ಯವಾಗಿ ಮುಂದೆ ಬರುತ್ತವೆ. ಆದರೆ ಧರ್ಮವು ಪರೀಕ್ಷೆಗೆ ಒಳಗಾಗುವುದು ಅನೇಕ ವೇಳೆ ಅಲ್ಪವೆಂದು ತೋರುವ ಪ್ರಶ್ನೆಗಳಲ್ಲಿ. ಒಂದು ವಸ್ತುವನ್ನು ಮನೆಯ ಯಾವ ಮೂಲೆಯಲ್ಲಿ ಇಡಬೇಕೆಂಬುದು ಅಂಥ ಪ್ರಶ್ನೆ. ಆ ವಸ್ತುವು ಕೋವಿಯಾಗಿದ್ದು, ಅದು ಮನೆಯೊಳಗೆ ಇರುವುದು ಮಡದಿಗೆ ಸಮ್ಮತವಲ್ಲದಿದ್ದರೆ, ಆಗ ಪ್ರಶ್ನೆಯು ಮೂಲೆಯದಾಗಿ ಉಳಿಯದು. ಮನೆ ಯಾರದು, ಮನೆಯೊಳಗಿನ ಭಯಕ್ಕೆ ಹೊಣೆ ಯಾರು, ಸತಿಪತಿಗಳ ಏಕಭಾವವೆಂದರೇನು ಎಂಬವರೆಗೆ ಅದು ಬೆಳೆಯುತ್ತದೆ.

ಮಲೆನಾಡಿನ ಒಂದು ತೋಟದ ಮನೆಯನ್ನು ಭಾವಿಸಿಕೊಳ್ಳಬಹುದು. ಮುಂದೆ ಅಡಿಕೆಯ ತೋಟ, ಕೆಳಗೆ ಗದ್ದೆ, ಬೆನ್ನಿಗೆ ಕಾಡು. ಬೆಳೆಯ ರಕ್ಷಣೆಗೆಂದು ತಂದೆ ಪಡೆದಿದ್ದ ಒಂಟಿ ನಳಿಗೆಯ ಕೇಪಿನ ಕೋವಿಯು, ತಂದೆ ಲಿಂಗೈಕ್ಯನಾದ ಮೇಲೆ ಕ್ರಮವಾಗಿ ಮಗನ ಹೆಸರಿನ ಪರವಾನಗಿಗೆ ಬಂದಿದೆ. ಆತನು ಅದನ್ನು ಒರೆಸಿ, ಎಣ್ಣೆ ಹಚ್ಚಿ, ಮುಂಜಗಲಿಯ ಗೂಟಕ್ಕೆ ತೂಗುಹಾಕುತ್ತಾನೆ. ಮಡದಿಯು ನೋಡಿ, “ಇದು ಇಲ್ಲಿ ಬೇಡ ರೀ, ಓಡಾಡುವ ಮಕ್ಕಳಿರುವ ಮನೆ” ಎನ್ನುತ್ತಾಳೆ. “ಅಪ್ಪನ ಕಾಲದಲ್ಲಿ ನಾವೂ ಮಕ್ಕಳಾಗಿದ್ದೆವಲ್ಲ, ಆಗಲೂ ಇದೇ ಗೂಟದಲ್ಲಿತ್ತು” ಎಂಬುದು ಆತನ ಉತ್ತರ. ಮರುದಿನ ಕೋವಿಯು ಅಟ್ಟಕ್ಕೆ ಏರುತ್ತದೆ. ಅದಕ್ಕೂ ಆಕೆಯ ಒಪ್ಪಿಗೆಯಿಲ್ಲ. ಮಹಾನವಮಿಯಂದು ಪೂಜೆಗೊಳ್ಳುವ ಆಯುಧವಲ್ಲವೆ, ದೇವರ ಕೋಣೆಯಲ್ಲಿಡೋಣವೆಂದರೆ ಅದಕ್ಕೂ ಇಲ್ಲ. ಕಡೆಗೆ ಆತನ ಮನಸ್ಸಿನಲ್ಲಿ ಒಂದು ಯೋಚನೆ ಮೂಡುತ್ತದೆ: ಹೇಳದೆ ಭತ್ತದ ಕಣಜದ ಹಿಂದೆ ಇಟ್ಟುಬಿಟ್ಟರೆ ಹೇಗೆ? ಕಣ್ಣಿಗೆ ಕಾಣದ ಮೇಲೆ ಜಗಳವೆಲ್ಲಿಯದು?

ಆತನು ದುಷ್ಟನಲ್ಲ. ಮಡದಿಯನ್ನು ಹೀಗಳೆಯುವವನೂ ಅಲ್ಲ. ಶಾಂತಿಯನ್ನು ಬಯಸಿಯೇ ಆ ಯೋಚನೆಗೆ ಬಂದಿದ್ದಾನೆ. ಆದುದರಿಂದಲೇ ಆತನ ಪಕ್ಷವನ್ನು ಮೊದಲು ನ್ಯಾಯವಾಗಿ ಕೇಳಬೇಕು.

ಆತನು ಹೇಳಬಹುದಾದ ಮಾತುಗಳು ಮೂರು. ಮೊದಲನೆಯದು ಹಕ್ಕು: ಪರವಾನಗಿ ತನ್ನ ಹೆಸರಿನಲ್ಲಿದೆ, ಸರಕಾರವೇ ಒಪ್ಪಿರುವುದನ್ನು ಮನೆಯವರು ಒಪ್ಪದಿರುವುದು ಹೇಗೆ? ಎರಡನೆಯದು ರಕ್ಷಣೆ: ಹಂದಿ ನುಗ್ಗಿದರೆ ಒಂದು ರಾತ್ರಿಯಲ್ಲಿ ಗದ್ದೆ ಹಾಳಾಗುತ್ತದೆ, ಒಂಟಿ ಮನೆಗೆ ಕಳ್ಳಕಾಕರ ಭಯವೂ ಉಂಟು. ಮೂರನೆಯದು ಪರಂಪರೆ: ತಂದೆಯ ಕೈಯಲ್ಲಿದ್ದುದನ್ನು ತಾನು ಹೊರಗಟ್ಟಿದರೆ ತಂದೆಯನ್ನೇ ಹೊರಗಟ್ಟಿದಂತೆ ಆಗದೆ?

ಇದರ ಜೊತೆಗೆ, ಶಿವಭಕ್ತನಿಗೆ ಆಯುಧವು ನಿಷಿದ್ಧವೆಂದು ಹೇಳಲೂ ಬರುವುದಿಲ್ಲ. ಪಂಚಾಚಾರಗಳಲ್ಲಿ ಗಣಾಚಾರವೂ ಒಂದು. ಆಚಾರಕ್ಕೆ ಕುಂದು ಬಂದಾಗ ಸುಮ್ಮನಿರಲಾಗದ ಧೈರ್ಯ ಅದರ ಲಕ್ಷಣ. ವೀರಭದ್ರನ ಕೈಯಲ್ಲಿ ಖಡ್ಗವಿದೆ. ಪುರವಂತರು ಇಂದಿಗೂ ಅದನ್ನು ಹಿರಿದು ಒಡಪು ಹೇಳುತ್ತಾರೆ. ಆಯುಧವನ್ನು ಕಂಡು ಬೆದರುವುದು ಹೆಂಗಸರ ಸ್ವಭಾವವೆಂದು ಮಡದಿಯ ಮಾತನ್ನು ತಳ್ಳಿಹಾಕುವುದಕ್ಕೂ ನಮ್ಮ ನಾಡಿನ ಚರಿತ್ರೆಯು ಅವಕಾಶ ಕೊಡುವುದಿಲ್ಲ. ಮೊಗಲರ ಸೈನ್ಯವು ಬೆನ್ನಟ್ಟಿದ್ದ ರಾಜಾರಾಮನಿಗೆ 1689ರಲ್ಲಿ ಆಶ್ರಯವಿತ್ತು ಅದರ ಫಲವನ್ನು ಎದುರಿಸಿ ನಿಂತವಳು ಕೆಳದಿಯ ಚೆನ್ನಮ್ಮಾಜಿ. 1824ರಲ್ಲಿ ಕುಂಪಣಿಯ ಸೈನ್ಯಕ್ಕೆ ಇದಿರು ನಿಂತವಳು ಕಿತ್ತೂರಿನ ಚೆನ್ನಮ್ಮ. ಆಯುಧವನ್ನು ಬಲ್ಲ ಹೆಂಗಸರು ಈ ನೆಲದಲ್ಲಿ ಆಗಿಹೋಗಿದ್ದಾರೆ. ಆದುದರಿಂದ “ಬೇಡ” ಎನ್ನುವ ಮಡದಿಯ ಮಾತು ಅಂಜಿಕೆಯೆಂದು ಮೊದಲೇ ತೀರ್ಮಾನಿಸದೆ, ಅದರಲ್ಲಿ ವಿವೇಕವಿದೆಯೇ ಎಂದು ನೋಡಬೇಕು.

ಈಗ ಆ ಮೂರು ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು.

ಹಕ್ಕಿನ ಮಾತು ನಿಲ್ಲುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯು ಒಬ್ಬನಿಗೆ ಕೊಡುವ ಪರವಾನಗಿಯು ಆತನಿಗೂ ಸರಕಾರಕ್ಕೂ ನಡುವಣ ಮಾತು. ಆತನು ಕೋವಿಯನ್ನು ಇಟ್ಟುಕೊಂಡರೆ ಅಪರಾಧವಲ್ಲವೆಂದು ಅದು ಹೇಳುತ್ತದೆಯೇ ಹೊರತು, ಇಟ್ಟುಕೊಳ್ಳಲೇಬೇಕೆಂದಾಗಲಿ, ಮಡದಿಯ ಮಾತನ್ನು ಮೀರಿ ಇಟ್ಟುಕೊಳ್ಳಬಹುದೆಂದಾಗಲಿ ಹೇಳುವುದಿಲ್ಲ. ಕಾಯ್ದೆಯು ಕೊಡುವುದು ಅನುಮತಿಯನ್ನು, ಅನುಮತಿಯುಳ್ಳದ್ದೆಲ್ಲವೂ ಧರ್ಮವಾಗದು. ಅಷ್ಟೇ ಅಲ್ಲ, ಆಯುಧವನ್ನು ಅನ್ಯರ ಕೈಗೆ ಸಿಕ್ಕದಂತೆ ಭದ್ರವಾಗಿ ಇಡುವ ಹೊಣೆಯನ್ನು 2016ರ ನಿಯಮಗಳು ಪರವಾನಗಿ ಪಡೆದವನ ಮೇಲೆಯೇ ಹೊರಿಸಿವೆ. ಹಕ್ಕನ್ನು ಮುಂದುಮಾಡುವವನು ಆ ಹೊಣೆಯನ್ನು ಹಿಂದೆ ಹಾಕುವಂತಿಲ್ಲ. ಮುಂಜಗಲಿಯ ಗೂಟವು ಭದ್ರವಾದ ಸ್ಥಳವಲ್ಲ. ಅದು ಪ್ರದರ್ಶನದ ಸ್ಥಳ. ಬಂದುಹೋಗುವವರ ಕಣ್ಣಿಗೆ ಬೀಳಲೆಂದು ಇಟ್ಟ ಆಯುಧವು ರಕ್ಷಣೆಗಿಂತ ಹೆಚ್ಚಾಗಿ ಅಹಂಕಾರಕ್ಕೆ ಸಲ್ಲುತ್ತದೆ.

ರಕ್ಷಣೆಯ ಮಾತು ಗಟ್ಟಿಯಾದುದು. ಆದುದರಿಂದ ಅದನ್ನು ಪ್ರಾಮಾಣಿಕವಾಗಿ ಅಳೆಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡುಹಂದಿಯನ್ನೂ ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ. ಹೀಗಿರಲು ತೋಟದವನ ಕೋವಿ ಇಂದು ಬಹುಮಟ್ಟಿಗೆ ಮಾಡುವ ಕೆಲಸವು ಸದ್ದು. ಸದ್ದಿಗೆ ಪಟಾಕಿಯಿದೆ, ತಗಡಿನ ಡಬ್ಬಿಯಿದೆ, ಮಾಳದಲ್ಲಿ ಕುಳಿತು ಕೂಗುವ ಕಂಠವಿದೆ. ಚುನಾವಣೆ ಬಂದಾಗ ಬೆಳೆರಕ್ಷಣೆಯ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡುವುದು ರೂಢಿಯಾಗಿದೆ. ಆ ದಿನಗಳಲ್ಲಿ ರೈತನು ಗೊಣಗಿಕೊಂಡರೂ ಹೇಗೋ ತೋಟವನ್ನು ಕಾಯುತ್ತಾನೆ. ವಾರಗಟ್ಟಲೆ ಕೋವಿಯಿಲ್ಲದೆ ಸಾಗಿದ ಮನೆಯಲ್ಲಿ ಅದರ ಅಗತ್ಯವೆಷ್ಟು ಎಂಬುದನ್ನು ಆಗಲೇ ಲೆಕ್ಕ ಹಾಕಬಹುದಾಗಿತ್ತು. ಆನೆ ಓಡಾಡುವ ಅಂಚಿನಲ್ಲಿ ಆ ಲೆಕ್ಕವು ಬೇರೆಯಾಗಬಹುದು. ಅಲ್ಲಿ ಅಗತ್ಯವು ನಿಜವಾಗಿದ್ದರೆ ಅದನ್ನು ಮಡದಿಯ ಮುಂದೆ ಬಿಚ್ಚಿ ಹೇಳಬೇಕೇ ಹೊರತು “ನಿನಗೇನು ತಿಳಿಯುತ್ತದೆ” ಎಂದು ಮುಚ್ಚಬಾರದು.

ಪರಂಪರೆಯ ಮಾತಿನಲ್ಲಿ ನೋವಿದೆ, ಅದನ್ನು ನಗೆಯಾಡಬಾರದು. ಆದರೆ ತಂದೆಯಿಂದ ಮಗನಿಗೆ ಬರಬೇಕಾದುದು ಕಬ್ಬಿಣವೇ, ಕಬ್ಬಿಣವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಸಂಯಮವೇ? ಕೊಡವರ ನಡೆಯನ್ನು ಇಲ್ಲಿ ನೆನೆಯಬಹುದು. ಕೋವಿಯನ್ನು ಕುಲದ ಗೌರವವೆಂದು ತಿಳಿದ ಜನರಲ್ಲಿ ಅವರು ಅಗ್ರಗಣ್ಯರು. ಪರವಾನಗಿಯಿಂದ ಅವರಿಗೆ ದೊರೆತಿರುವ ವಿನಾಯಿತಿಯು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಲ್ಪಟ್ಟಿದೆ. ಅಂಥವರ ಸಂಪ್ರದಾಯದಲ್ಲಿಯೇ ನಾಟಿಯ ಕಾಲ ಬಂದಾಗ ಆಯುಧಗಳನ್ನು ದೇವರ ಕೋಣೆಯಲ್ಲಿಟ್ಟು, ಗದ್ದೆಯ ಕೆಲಸ ಮುಗಿಯುವವರೆಗೆ ಮುಟ್ಟದಿರುವ ನಿಯಮವಿತ್ತು. ಸೆಪ್ಟೆಂಬರಿನ ಆರಂಭದಲ್ಲಿ ಕೈಲ್‌ಪೊಳ್ದಿನ ಹಬ್ಬದಂದು ತೋಕ್‌ಪೂವಿನಿಂದ ಅಲಂಕರಿಸಿ, ಪೂಜಿಸಿ, ಆಮೇಲೆಯೇ ಹೊರಗೆ ತೆಗೆಯುವುದು. ಆಯುಧವನ್ನು ಇಷ್ಟೊಂದು ಪ್ರೀತಿಸುವ ಜನವೂ ಅದಕ್ಕೊಂದು ಕಾಲವನ್ನೂ ಒಂದು ಕಟ್ಟಳೆಯನ್ನೂ ಇಟ್ಟುಕೊಂಡಿತು. ಹಿರಿಯರಿಂದ ಪಡೆಯಬೇಕಾದ ಆಸ್ತಿಯು ಆ ಕಟ್ಟಳೆ.

ಹಾಗಾದರೆ ಈ ಗೃಹಸ್ಥನು ತನ್ನ ಕೋವಿಯನ್ನು ದೇವರ ಕೋಣೆಯಲ್ಲಿಡಲು ಹೊರಟದ್ದರಲ್ಲಿ ತಪ್ಪೇನು? ಕೊಡಗಿನ ಮನೆಯಲ್ಲಿ ದೇವರ ಕೋಣೆಯು ಇಡೀ ಮನೆಯವರು ಒಪ್ಪಿ ನಡೆಸಿದ ನಿಯಮದ ಸ್ಥಾನವಾಗಿತ್ತು. ಇಲ್ಲಿ ಅದು ಮಡದಿಯ ಬಾಯಿ ಮುಚ್ಚಿಸುವ ಉಪಾಯವಾಗುತ್ತದೆ. ದೇವರನ್ನು ಮುಂದೆ ನಿಲ್ಲಿಸಿ ವಾದವನ್ನು ಗೆಲ್ಲುವುದು ಭಕ್ತಿಯಲ್ಲ. ಮತ್ತು ಪಾವಿತ್ರ್ಯವು ದೊಡ್ಡವರ ಕೈಯನ್ನು ತಡೆಯಬಹುದು, ಐದು ವರ್ಷದ ಮಗುವಿನ ಕೈಯನ್ನು ತಡೆಯಲಾರದು. ಮಗುವಿಗೆ ದೇವರ ಕೋಣೆಯು ಕಾಯಿ ಬೆಲ್ಲ ಸಿಕ್ಕುವ ಸ್ಥಳ.

ಇನ್ನು ಅಟ್ಟ. ಎತ್ತರವು ರಕ್ಷಣೆಯೆಂಬ ಭಾವನೆ ಎಲ್ಲ ಮನೆಗಳಲ್ಲಿಯೂ ಉಂಟು. ಉಪ್ಪಿನಕಾಯಿಯ ಭರಣಿಯನ್ನು ಎಷ್ಟು ಎತ್ತರದಲ್ಲಿಟ್ಟರೂ ಮಕ್ಕಳು ಏಣಿ ಹಾಕಿ ಕಂಡುಹಿಡಿಯುವುದನ್ನು ಬಲ್ಲ ತಾಯಿಯು ಈ ಭಾವನೆಯನ್ನು ನಂಬದಿದ್ದರೆ ಆಶ್ಚರ್ಯವಿಲ್ಲ. ಮನೆಮನೆಯಲ್ಲಿ ಬಂದೂಕುಗಳಿರುವ ಅಮೆರಿಕದಲ್ಲಿ ಈ ವಿಷಯವನ್ನು ವೈದ್ಯರು ಅಳೆದು ನೋಡಿದ್ದಾರೆ. 2005ರಲ್ಲಿ ಅಲ್ಲಿನ ವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು ನಾಲ್ಕು ಅಭ್ಯಾಸಗಳನ್ನು ಎತ್ತಿ ಹೇಳಿತು: ಬಂದೂಕಿನಲ್ಲಿ ಗುಂಡು ತುಂಬದಿರುವುದು, ಅದಕ್ಕೆ ಬೀಗ ಹಾಕುವುದು, ಗುಂಡುಗಳನ್ನು ಬೇರೆಡೆ ಇಡುವುದು, ಆ ಗುಂಡುಗಳಿಗೂ ಬೀಗ ಹಾಕುವುದು. ಈ ಒಂದೊಂದು ಅಭ್ಯಾಸವಿದ್ದ ಮನೆಗಳಲ್ಲಿಯೂ ಮಕ್ಕಳು ಮತ್ತು ಹರೆಯದವರು ಬಂದೂಕಿನಿಂದ ತಮಗೆ ತಾವೇ ಗಾಯಮಾಡಿಕೊಳ್ಳುವ ಸಂಭವವು ಕಡಿಮೆಯೆಂದು ಕಂಡುಬಂದಿತು. ಎತ್ತರದ ಮಾತು ಅವುಗಳಲ್ಲಿಲ್ಲ. ಮಡದಿಯು ಅಧ್ಯಯನವನ್ನು ಓದದೆಯೇ ಅದನ್ನು ಬಲ್ಲಳು.

ಆದರೆ ಆಕೆ ಬಲ್ಲದ್ದು ಇನ್ನೊಂದಿದೆ, ಅದನ್ನು ಹೇಳಲಾರಳು. “ಮಕ್ಕಳಿರುವ ಮನೆ” ಎಂದು ಬಾಯಿ ಹೇಳುವಾಗ ಮನಸ್ಸು ಹೇಳುತ್ತಿರುವುದು ಬೇರೆಯಾಗಿರಬಹುದು. ಎಲೆಚುಕ್ಕಿ ರೋಗ ತಗುಲಿ ತೋಟ ಸೊರಗಿದೆ. ಸಾಲದ ಕಾಗದ ಬಂದಿದೆ. ರಾತ್ರಿ ಆತನು ನಿದ್ದೆಯಿಲ್ಲದೆ ಮುಂಜಗಲಿಯಲ್ಲಿ ಕುಳಿತಿರುವುದನ್ನು ಆಕೆ ಬಾಗಿಲ ಸಂದಿಯಿಂದ ನೋಡಿದ್ದಾಳೆ. ಅಥವಾ ಕುಡಿದು ಬಂದ ದಿನ ಆತನ ದನಿ ಹೇಗೆ ಬದಲಾಗುತ್ತದೆಂಬುದನ್ನು ಬಲ್ಲಳು. ಆಕೆಗೆ ಹಂದಿಯ ಭಯವಿಲ್ಲ, ಕಳ್ಳನ ಭಯವಿಲ್ಲ; ಆತನನ್ನು ಕುರಿತ ಭಯ, ಇಲ್ಲವೆ ಆತನಿಂದಾಗುವ ಭಯ. ಇದನ್ನು ಯಾವ ಸತಿಯು ಪತಿಯ ಮುಖಕ್ಕೆ ಹೇಳಿಯಾಳು? ಆದುದರಿಂದ ಮಕ್ಕಳ ಹೆಸರು ಹೇಳುತ್ತಾಳೆ. ಮಕ್ಕಳಿಗೆ ಸಿಕ್ಕದ ಎತ್ತರವನ್ನು ತೋರಿಸಿ ಆತನು ವಾದವನ್ನು ಗೆದ್ದರೂ ಆಕೆಯ ಭಯವು ಇದ್ದಲ್ಲೇ ಇರುತ್ತದೆ. ಆ ಎತ್ತರವು ಆತನ ಕೈಗೆ ಸಿಕ್ಕುವಂಥದೇ ಅಲ್ಲವೆ?

ಹತಾಶೆಯೂ ಕೋಪವೂ ತುತ್ತತುದಿಯಲ್ಲಿ ಬಹುಕಾಲ ನಿಲ್ಲುವುದಿಲ್ಲ. ಆ ಗಳಿಗೆಯನ್ನು ದಾಟಿದವರಲ್ಲಿ ಬಹುಮಂದಿ ಮತ್ತೆ ಬದುಕಿನ ಕಡೆಗೆ ತಿರುಗಿದ್ದಾರೆ. ಕೈಗೆ ಸುಲಭವಾಗಿ ಸಿಕ್ಕುವ ಆಯುಧವು ಆ ಗಳಿಗೆಯನ್ನು ದಾಟಲು ಬಿಡುವುದಿಲ್ಲ. ಆದುದರಿಂದ ಕಷ್ಟದ ದಿನಗಳಲ್ಲಿ ಮನುಷ್ಯನಿಗೂ ಆಯುಧಕ್ಕೂ ನಡುವೆ ಇರಬೇಕಾದ ದೂರವೇ ಆತನ ಪ್ರಾಣರಕ್ಷಕ. ಮನೆಯಲ್ಲಿ ಯಾರಿಗೇ ಆಗಲಿ ಮನಸ್ಸು ಕುಸಿದಾಗ, ಕುಡಿತ ಹೊಕ್ಕಾಗ, ದಾಯಾದಿಗಳ ವ್ಯಾಜ್ಯ ಕಾವೇರಿದಾಗ ಕೋವಿಯನ್ನು ಎಲ್ಲಿಡಬೇಕೆಂಬ ಚರ್ಚೆಗೆ ಎಡೆಯಿಲ್ಲ, ಅದು ಮನೆಯಲ್ಲಿರಕೂಡದು. ಆಗ ಆತನು ತನ್ನ ಸಂಕಟವನ್ನು ಮಡದಿಗೂ, ನಂಬಿದ ಹಿರಿಯರಿಗೂ, ವೈದ್ಯರಿಗೂ ಹೇಳಿಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಈಗ ಕಣಜದ ಹಿಂದಿನ ಯೋಚನೆಗೆ ಬರಬಹುದು. ನಾಲ್ಕು ಸ್ಥಾನಗಳಲ್ಲಿ ಅತ್ಯಂತ ಅನರ್ಥಕರವಾದುದು ಅದು. ತಾನು ಬಲ್ಲ ಅಪಾಯದಿಂದ ಮಕ್ಕಳನ್ನು ತಾಯಿ ಕಾಯಬಲ್ಲಳು. ತಾನರಿಯದ ಅಪಾಯದಿಂದ ಹೇಗೆ ಕಾಯುವಳು? ಭತ್ತ ಅಳೆಯಲು ಹೋದ ಆಕೆಯ ಕೈಗೇ ಅದು ತಗುಲಿದ ದಿನ ಆಕೆಗೆ ಕಾಣುವುದು ಕೋವಿಯಷ್ಟೇ ಅಲ್ಲ. ಇಷ್ಟು ದಿನ ತಾನು ನಂಬಿದ್ದ ಮಾತೂ ಅಲ್ಲಿ ಬಿದ್ದಿರುತ್ತದೆ. ಶರಣರು ದಾಂಪತ್ಯಕ್ಕೆ ಕೊಟ್ಟ ಹಿರಿಮೆಯು ಇಬ್ಬರ ಅಂತರಂಗ ಒಂದಾಗಿರುವುದರಲ್ಲಿದೆ. ಒಬ್ಬರು ಅರಿಯದಂತೆ ಇನ್ನೊಬ್ಬರು ಮನೆಯೊಳಗೆ ಮೃತ್ಯುವಿನ ಸಾಧನವನ್ನು ಇಟ್ಟುಕೊಂಡ ಮೇಲೆ ಒಂದೇ ಪೀಠದ ಮುಂದೆ ಇಬ್ಬರೂ ಕುಳಿತು ಮಾಡುವ ಪೂಜೆಗೆ ಅರ್ಥವೇನು?

ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆಯನ್ನು ಅರಿಯದ ಭಕ್ತರಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ತಂದನು. ಕದ್ದುದಲ್ಲ, ಬೇಡಿದುದಲ್ಲ, ಆಯ್ದದ್ದೇ. ಆದರೂ ಲಕ್ಕಮ್ಮನು ಅದನ್ನು ಒಳಗೆ ಸೇರಿಸಲಿಲ್ಲ. ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರಬೇಕೆಂದಳು. ಮಾರಯ್ಯನು ತನ್ನ ಹಕ್ಕನ್ನು ವಾದಿಸಲಿಲ್ಲ, ಮಡಕೆಯ ತಳದಲ್ಲಿ ಬಚ್ಚಿಡಲೂ ಇಲ್ಲ. ಹೋಗಿ ಸುರಿದು ಬಂದನು. ಮನೆಯೊಳಗೆ ಏನು ಬರಬೇಕು, ಎಷ್ಟು ಬರಬೇಕು ಎಂಬುದರಲ್ಲಿ ಸತಿಯ ಮಾತು ಪತಿಯ ಮಾತಿಗೆ ಸಮಾನವೆಂಬುದನ್ನು ಆ ಒಂದು ನಡೆ ತೋರಿಸಿತು. ಮಾರಯ್ಯನು ಅದರಿಂದ ಸಣ್ಣವನಾಗಲಿಲ್ಲ. ಆತನನ್ನು ತಿದ್ದಿದ ಲಕ್ಕಮ್ಮನ ಅಂಕಿತದಲ್ಲಿಯೇ ಆತನ ಹೆಸರು ಉಳಿದಿದೆ. ಮಾರಯ್ಯಪ್ರಿಯ ಅಮರೇಶ್ವರಲಿಂಗವೆಂದೇ ಆಕೆ ತನ್ನ ದೈವವನ್ನು ಕರೆದಳು. ಹಸಿವನ್ನು ನೀಗುವ ಅಕ್ಕಿಗೇ ಸತಿಯ ಸಮ್ಮತಿ ಬೇಕಾಗಿದ್ದರೆ, ಪ್ರಾಣವನ್ನು ನೀಗುವ ಕೋವಿಗೆ ಬೇಡವೆನ್ನುವುದು ಹೇಗೆ?

ಇಷ್ಟು ಹೇಳಿದರೆ ಬೇಡವೆಂದವರ ಮಾತೇ ಕೊನೆಯ ಮಾತು, ಅವರಿಗೆ ಯಾವ ಹೊಣೆಯೂ ಇಲ್ಲವೆಂದು ಆಗದು. ಲಕ್ಕಮ್ಮನು ಕಾರಣವನ್ನು ಹೇಳಿ ತಡೆದಳು. ಹಾಗೆಯೇ ಮಡದಿಯೂ ತನ್ನ ಭಯದ ಕಾರಣವನ್ನು ಆದಷ್ಟು ಮಟ್ಟಿಗೆ ಹೇಳಬೇಕು; ಪತಿಯು ಅದನ್ನು ಕೇಳಬಲ್ಲ ಮುಖದಿಂದ ಕುಳಿತುಕೊಳ್ಳಬೇಕು. ಆತನಿಲ್ಲದಾಗ ಕೋವಿಯನ್ನು ಕೆರೆಗೆ ಎಸೆಯುವುದು, ತವರಿನ ಅಣ್ಣನ ಕೈಯಲ್ಲಿ ಸಾಗಿಸುವುದು ಬಚ್ಚಿಡುವುದರ ಇನ್ನೊಂದು ರೂಪವೇ. ಪರವಾನಗಿಯಿಲ್ಲದವರ ವಶಕ್ಕೆ ಕೊಟ್ಟರೆ ಕಾಯ್ದೆಯ ದೋಷವೂ ತಗುಲುತ್ತದೆ. ನೆರೆಮನೆಯ ಸ್ನೇಹಿತನಲ್ಲಿ ಇಟ್ಟುಬರುವ ಗಂಡಸರಿಗೂ ಈ ಮಾತು ಸಲ್ಲುತ್ತದೆ.

ಹಾಗಾದರೆ ಸ್ಥಾನ ಯಾವುದು? ಭಾರತದ ಕಥೆಯಲ್ಲಿ ಇದಕ್ಕೊಂದು ದೃಷ್ಟಾಂತವಿದೆ. ವಿರಾಟನ ನಗರವನ್ನು ಹೊಗುವ ಮುನ್ನ ಪಾಂಡವರು ತಮ್ಮ ಆಯುಧಗಳನ್ನು ಊರ ಹೊರಗಿನ ಬನ್ನಿಯ ಮರದಲ್ಲಿಟ್ಟರು. ಐವರೂ ದ್ರೌಪದಿಯೂ ಅದನ್ನು ಬಲ್ಲವರಾಗಿದ್ದರು. ಗಾಂಡೀವವನ್ನು ಮನೆಯೊಳಗೆ ಇಟ್ಟುಕೊಳ್ಳದ ಮಾತ್ರಕ್ಕೆ ಅರ್ಜುನನ ಶೌರ್ಯವು ಕುಂದಲಿಲ್ಲ; ಗೋಗ್ರಹಣದ ದಿನ ಮರದಿಂದ ಇಳಿಸಿಕೊಳ್ಳಲು ವೇಳೆಯೂ ಸಾಕಾಯಿತು. ವಿಜಯದಶಮಿಯಂದು ಬನ್ನಿಯನ್ನು ಕೈಗಿತ್ತು “ಬಂಗಾರದ ಹಾಗೆ ಇರೋಣ” ಎನ್ನುವ ನಮ್ಮ ಜನರು ಆ ಮರದ ಈ ಉಪದೇಶವನ್ನೂ ನೆನೆಯಬೇಕು: ಆಯುಧವನ್ನು ತೊರೆಯದೆಯೂ ಮನೆಯಿಂದ ದೂರವಿಡಬಹುದು. ಇಂದಿನ ಗೃಹಸ್ಥನಿಗೂ ಅಂಥ ಬನ್ನಿಯ ಮರವುಂಟು. ಪೊಲೀಸ್ ಠಾಣೆಯಲ್ಲಾಗಲಿ, ಪರವಾನಗಿಯುಳ್ಳ ಆಯುಧ ವ್ಯಾಪಾರಿಯಲ್ಲಾಗಲಿ ಕ್ರಮವಾಗಿ ಠೇವಣಿ ಇಟ್ಟು ರಸೀತಿ ಪಡೆಯಬಹುದು.

ಇಬ್ಬರೂ ಕೂಡಿ ವಿಚಾರಿಸಿ, ಅಗತ್ಯ ನಿಜವೆಂದು ಮಡದಿಗೂ ಮನವರಿಕೆಯಾಗಿ ಮನೆಯಲ್ಲಿಯೇ ಇಡುವುದಾದರೆ, ಆಗ ಸ್ಥಾನವು ಇಬ್ಬರ ಸ್ಥಾನವಾಗಬೇಕು. ಕೋವಿಯನ್ನು ಎಂದೂ ಮದ್ದು ತುಂಬಿ ಇಡಕೂಡದು. ಮದ್ದು, ಚರೆ, ಕೇಪುಗಳು ಬೇರೊಂದು ಕಡೆ ಬೀಗದೊಳಗಿರಬೇಕು. ಕೋವಿಯು ಗೋಡೆಗೋ ನೆಲಕ್ಕೋ ಬಿಗಿದ ಕಬ್ಬಿಣದ ಪೆಟ್ಟಿಗೆಯಲ್ಲಿರಬೇಕು. ಆ ಪೆಟ್ಟಿಗೆಗೆ ಎರಡು ಬೀಗವಿದ್ದು ಒಂದರ ಕೀಲಿ ಆತನಲ್ಲಿಯೂ ಇನ್ನೊಂದರ ಕೀಲಿ ಆಕೆಯಲ್ಲಿಯೂ ಇದ್ದರೆ ಲೇಸು. ಬ್ಯಾಂಕಿನ ಲಾಕರು ಎರಡು ಕೀಲಿಯಿಲ್ಲದೆ ತೆರೆಯದು. ಅದರಿಂದ ಯಾರ ಮಾನವೂ ಹೋಗುವುದಿಲ್ಲ. ನಡುರಾತ್ರಿಯಲ್ಲಿ ಕೋವಿ ಬೇಕೆನಿಸಿದರೆ ಆತನು ಮಡದಿಯನ್ನು ಎಬ್ಬಿಸಬೇಕಾಗುತ್ತದೆ. ಏಕೆ ಬೇಕೆಂದು ಆಕೆ ಕೇಳುತ್ತಾಳೆ, ಆತನು ಹೇಳಬೇಕಾಗುತ್ತದೆ. ಇದರಿಂದ ತಡವಾಗುತ್ತದೆಂದು ಆಕ್ಷೇಪಿಸುವವರುಂಟು. ಆ ತಡವೇ ಈ ಏರ್ಪಾಡಿನ ಗುಣ. ಹಂದಿಯು ಅಷ್ಟರಲ್ಲಿ ನಾಲ್ಕು ಬುಡ ಹೆಚ್ಚಾಗಿ ಕೆಡವೀತು; ಭತ್ತವನ್ನು ಮತ್ತೆ ಬೆಳೆಯಬಹುದು.

ಎರಡನೆಯ ಕೀಲಿಯನ್ನು ಕೊಡುವಾಗ ಗಂಡಸಿನ ಕೈ ಸ್ವಲ್ಪ ಹಿಂಜರಿದೀತು. ಪಂಚಾಚಾರಗಳಲ್ಲಿ ಗಣಾಚಾರದ ಜೊತೆಗೇ ಭೃತ್ಯಾಚಾರವನ್ನೂ ಹೇಳಿರುವುದು ಆ ಹಿಂಜರಿಕೆಗಾಗಿಯೇ ಎಂದು ತಿಳಿಯಬಹುದು. ಎಲ್ಲರಿಗಿಂತ ಕಿರಿಯನೆಂಬ ಭಾವವು ಜಂಗಮದ ಮುಂದೆ ಬಾಗಿ, ಮಡದಿಯ ಮುಂದೆ ಬಾಗದಿದ್ದರೆ ಅದು ಹೊಸ್ತಿಲಾಚೆಯ ಆಚಾರವಷ್ಟೇ ಆದೀತು. ರಕ್ಷಿಸುವೆನೆಂಬವನು ತಾನು ರಕ್ಷಿಸಬೇಕಾದವರ ಭಯವನ್ನೇ ತಿಳಿಯದಿದ್ದರೆ ರಕ್ಷಿಸುವುದು ಯಾರನ್ನು?

ತೋಟದ ಮನೆಯ ಗೃಹಸ್ಥನು ಕಣಜದ ಕಡೆಗೆ ಹೋಗುವ ಮುನ್ನ ತನಗೆ ತಾನೇ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: “ಕೋವಿ ಎಲ್ಲಿದೆ?” ಎಂದು ಮಡದಿ ನಾಳೆ ಕೇಳಿದರೆ ಆಕೆಯ ಕಣ್ಣನ್ನು ನೋಡುತ್ತ ಉತ್ತರ ಹೇಳಲು ಸಾಧ್ಯವೇ? ಸಾಧ್ಯವಾದರೆ ಅದು ಯೋಗ್ಯವಾದ ಸ್ಥಾನ. ಇಲ್ಲವಾದರೆ ಆ ಕೋವಿಗೆ ಆ ಮನೆಯಲ್ಲಿ ಸ್ಥಾನವಿಲ್ಲ.